ಹತ್ತೊಂಬತ್ತು ಬಾಟಲಿ ಉಪ್ಪುನೀರು

ಮಾರ್ಚ್ ೧೧, ಸೋಮವಾರ

ಭಾವನವರಿಗೆ ನಮಸ್ಕಾರಗಳು.

ನಿಮ್ಮ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈದುಕೊಂಡಿರುತ್ತೀರಿ. ಬೈಯಿರಿ, ತಪ್ಪಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ತಂಗಿ ಪಕ್ಕದಲ್ಲೇ ಇರುತ್ತಾಳೆ. ಅವಳ ಕಾಯಿಲೆಯ ವಿಷಯ ಅವಳೆದುರೇ ಆಡುವುದು ನನ್ನಿಂದಾಗದು. ಈಗ ಊಟ ಮುಗಿಸಿ ಮಲಗಿದ್ದಾಳೆ. "ಹೊಸ ಫಾರಂಗೆ ಸಹಿ ಹಾಕಿದಿರಾ" ಎಂದು ಎರಡು ಕಾಗದದಲ್ಲೂ ಕೇಳಿದ್ದೀರಿ. ಶುಕ್ರವಾರ ಕೊನೆಯ ದಿನ. ಇನ್ನೂ ಹಾಕಿಲ್ಲ.

ಮೈ ಗಟ್ಟಿಯಾಗಿದ್ದಾಳೆ, ಊಟ ನಿದ್ದೆ ಸರಿಯಾಗಿದೆ. ಮರೆವು ಮಾತ್ರ ಹೆಚ್ಚಿದೆ. ನಲವತ್ತು ವರ್ಷ ಬೀದಿಯವರಿಗೆಲ್ಲ ಬಟ್ಟೆ ಹೊಲಿದುಕೊಟ್ಟವಳು, ಈಗ ಸೂಜಿಗೆ ದಾರ ಪೋಣಿಸುತ್ತಾಳೆ, ಎಳೆದು ತೆಗೆಯುತ್ತಾಳೆ, ಮತ್ತೆ ಪೋಣಿಸುತ್ತಾಳೆ. ಹೊಲಿಯುವುದಿಲ್ಲ.

ಇನ್ನು ಆ ಮರೆವಿನ ಔಷಧದ ಪ್ರಯೋಗದ ಕಥೆ. ನೆನೆದರೆ ಹೊಟ್ಟೆ ಉರಿಯುತ್ತದೆ ಭಾವ. ಒಂದೂವರೆ ವರ್ಷ, ನಾಲ್ಕು ವಾರಕ್ಕೊಮ್ಮೆ, ಆಸ್ಪತ್ರೆಯ ಐದನೇ ಮಹಡಿಗೆ ಕರೆದುಕೊಂಡು ಹೋದೆ. ಒಂದು ಗಂಟೆ ಡ್ರಿಪ್. ಆಮೇಲೆ ಅವಳನ್ನು ಒಂದು ಕೋಣೆಯಲ್ಲಿ ಕೂರಿಸಿ ಹತ್ತು ಪದ ಓದಿ, ತಿರುಗಿ ಹೇಳಿಸುವುದು. ಜೊತೆಗೆ ಹೋದ ನನಗೆ ಬೇರೆ ಕೋಣೆ. ಉಸ್ತುವಾರಿಯ ಮೇಡಂ, "ಮನೇಲಿ ಹೇಗಿದ್ದಾರೆ? ಸ್ನಾನ ತಾವೇ ಮಾಡ್ಕೊಳ್ತಾರಾ?" ಎಂದು ಕೇಳುವುದು, ನಾನು ಹೇಳುವುದು, ಅವರು ಅಂಕ ಹಾಕುವುದು. ಅವಳು ಒಂದು ದಿನ ತಾನೇ ಗುಂಡಿ ಹಾಕಿಕೊಂಡರೂ ಸಾಕು, "ಸುಧಾರಿಸಿದೆ ಮೇಡಂ, ಔಷಧ ಹಿಡಿದಿದೆ" ಎಂದು ಬರೆಸಿ ಬರುತ್ತಿದ್ದೆ, ಪೆದ್ದನ ಹಾಗೆ.

ಹೋದ ತಿಂಗಳು ಅದೇ ಮೇಡಂ ಕರೆಸಿ ಹೇಳಿದರು: "ಸರ್, ಯಾರಿಗೆ ಏನು ಕೊಟ್ರು ಅನ್ನೋ ಗುಟ್ಟಿನ ಪಟ್ಟಿ ಈಗ ತೆರೆದಿದ್ದಾರೆ. ನಿಮ್ಮ ಮನೆಯವರಿಗೆ ಬಂದಿದ್ದು ಔಷಧ ಅಲ್ಲ. ಹೋಲಿಸಿ ನೋಡೋಕೆ ಅರ್ಧ ಜನಕ್ಕೆ ಬರೀ ಉಪ್ಪುನೀರು ಕೊಡ್ತಾರೆ."

"ಹತ್ತೊಂಬತ್ತು ಬಾಟಲಿನೂ?"

"ಹತ್ತೊಂಬತ್ತೂ, ಸರ್. ಫಾರಂನಲ್ಲಿ ಮೊದಲೇ ಬರೆದಿತ್ತಲ್ಲ."

ಬರೆದಿತ್ತು. ಓದಿಯೇ ನಾವಿಬ್ಬರೂ ಸಹಿ ಹಾಕಿದ್ದೆವು. ಆದರೆ ಆ ಅರ್ಧದಲ್ಲಿ ತನ್ನ ಹೆಂಡತಿಯೇ ಇರುತ್ತಾಳೆಂದು ಯಾವ ಗಂಡ ಅಂದುಕೊಳ್ಳುತ್ತಾನೆ? ಮೂವತ್ತೆರಡು ವರ್ಷ ಸರ್ಕಾರದ ಪರವಾಗಿ ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡಿದವನು ನಾನು. ಐವತ್ತು ಗ್ರಾಂ ಕಡಿಮೆ ತೂಗಿದವನ ಅಂಗಡಿಗೂ ಬೀಗ ಹಾಕಿಸಿದ್ದೇನೆ. ಇವರ ಲೆಕ್ಕದಲ್ಲಿ ಕೂದಲೆಳೆಯಷ್ಟೂ ಮೋಸವಿಲ್ಲ, ಎಲ್ಲ ಕಾಯಿದೆ ಪ್ರಕಾರ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ಜಗಳ ತೆಗೆಯಲೂ ಜಾಗ ಬಿಟ್ಟಿಲ್ಲ ಪುಣ್ಯಾತ್ಮರು.

ಆದರೂ ತಡೆಯಲಾಗದೆ ಕೇಳಿದೆ: "ನಾನು ಸುಧಾರಿಸಿದೆ, ಸುಧಾರಿಸಿದೆ ಅಂತ ಬರೆಸ್ತಿದ್ನಲ್ಲ ಮೇಡಂ, ಆಗ ಒಳಗೊಳಗೇ ನಗ್ತಿದ್ರಾ?"

ಅವರು ತಲೆ ತಗ್ಗಿಸಿ, "ಯಾರಿಗೆ ಯಾವುದು ಅಂತ ನಮಗೂ ಗೊತ್ತಿರಲ್ಲ ಸರ್. ನಾನೂ ಔಷಧ ಅಂತಲೇ ನಂಬಿದ್ದೆ" ಎಂದರು. ಆಮೇಲೆ ಹೊಸ ಫಾರಂ ಮುಂದಿಟ್ಟರು. ಇನ್ನೊಂದೂವರೆ ವರ್ಷ, ಈ ಸಲ ಎಲ್ಲರಿಗೂ ನಿಜವಾದ ಔಷಧ. ಮಿದುಳಿನಲ್ಲಿ ಊತ ಬರಬಹುದು, ರಕ್ತ ಜಿನುಗಬಹುದು ಎಂದೂ ಅದರಲ್ಲಿದೆ. ಓದಿ ತಿಳಿದುಕೊಳ್ಳುವುದು ಅವಳಿಂದ ಈಗ ಆಗದು, ಅವಳ ಪರವಾಗಿ ನಾನೇ ಸಹಿ ಹಾಕಬೇಕಂತೆ. "ಹಾಕಿಬಿಡಿ, ಕಳೆದುಕೊಳ್ಳುವುದೇನಿದೆ" ಎಂದು ನೀವು ಬರೆದಿದ್ದೀರಿ. ಕ್ಷಮಿಸಿ, ನಾನು ಹಾಕುವುದಿಲ್ಲ. ಹಟಮಾರಿ ಅನ್ನಿ, ನಿಮ್ಮ ತಂಗಿಗೆ ಇದ್ದ ಒಂದು ದಾರಿಯನ್ನೂ ಮುಚ್ಚಿದವನು ಅನ್ನಿ.

ಅಕ್ಕನವರ ಮಂಡಿನೋವು ಹೇಗಿದೆ, ಬರೆಯಿರಿ. ಮೊಮ್ಮಕ್ಕಳಿಗೆ ನಮ್ಮಿಬ್ಬರ ಆಶೀರ್ವಾದ ಹೇಳಿ.

ಇಂತು ನಿಮ್ಮ,
ಮುಂಗೋಪಿ ಭಾವಮೈದುನ

ತಾ.ಕ.: ಕಾರಣ ಬರೆಯದೆ ಲಕೋಟೆ ಅಂಟಿಸಲು ಹೊರಟಿದ್ದೆ, ಮನಸ್ಸು ಬರಲಿಲ್ಲ. ಸೂಜಿ ಚುಚ್ಚುವ ಮುಂಚೆ ಪ್ರತಿ ಸಲ ನರ್ಸ್ ಅವಳನ್ನು "ಹಾಕಲಾ ಅಮ್ಮ?" ಎಂದು ಕೇಳಲೇಬೇಕು. ಬೇಡವೆಂದರೆ ಅಲ್ಲಿಗೆ ಮುಗಿಯಿತು, ಅದು ಅವರ ನಿಯಮ. ಏಳನೇ ಸಲ ನಿಮ್ಮ ತಂಗಿ ಕೈ ಹಿಂದಕ್ಕೆಳೆದುಕೊಂಡು, ನರ್ಸನ್ನಲ್ಲ, ನನ್ನನ್ನು ನೋಡಿ, "ನಂಗಿದು ಬೇಡ ಕಣ್ರೀ. ಮನೆಗೆ ಹೋಗೋಣ" ಎಂದಳು. ನರ್ಸ್ ಸೂಜಿ ಕೆಳಗಿಟ್ಟರು. ನಾನು, "ಅದು ಅವಳಲ್ಲ ಸಿಸ್ಟರ್, ಕಾಯಿಲೆ ಮಾತಾಡ್ತಿರೋದು. ನೀವು ಹಾಕಿ" ಎಂದು ಅವಳ ತೋಳು ಅದುಮಿ ಹಿಡಿದುಕೊಂಡೆ. ನನ್ನ ಮಾತಿಗೆ ಅವರು ಚುಚ್ಚಿದರು. ಆಮೇಲಿನ ಹನ್ನೆರಡು ಸಲವೂ ಅವಳು ಮಾತಿಲ್ಲದೆ ತಾನಾಗಿಯೇ ಕೈ ಚಾಚಿದಳು. ಅದನ್ನೂ ನಾನು ಮೇಡಂ ಹತ್ತಿರ ಸುಧಾರಣೆ ಎಂದೇ ಬರೆಸಿದೆ.