ನೈರುತ್ಯದ ಮೂಲೆಗೆ ಸುರಿದ ಮಣ್ಣು

ಅಮ್ಮನ ಅಣ್ಣ, ನನಗೆ ಗುದ್ದಲಿ ಹಿಡಿಯಲು ಕಲಿಸಿದ ಮೇಸ್ತ್ರಿ ಮಾವನಿಗೆ,

ಮಾಡದಕೆರೆಯ ಗುಡ್ಡದ ಬುಡದಲ್ಲಿ ನಮ್ಮ ಮನೆಯ ಜಾಗದ ಮಟ್ಟ ನೋಡಿದ ಬೆಳಗ್ಗೆ ನೆನಪಿದೆಯಾ? ನೀರು ತುಂಬಿದ ಪೈಪಿನ ಒಂದು ತುದಿ ನಿನ್ನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ನೈರುತ್ಯದ ಮೂಲೆ ಒಂದಾಳು ತಗ್ಗಿತ್ತು. ಗುಡ್ಡದ ನೀರು ಆ ಮೂಲೆಯ ಕೊರಕಲಿನಲ್ಲಿ ಇಳಿದು, ಕೆಳಗಿನ ಗಂಗಕ್ಕನ ಮನೆ ಪಕ್ಕದಿಂದ ಹಳ್ಳಕ್ಕೆ ಹೋಗುತ್ತಿತ್ತು. ನಾನು ಮಣ್ಣುಸಂರಕ್ಷಣೆಯ ಕಿರುಹೊತ್ತಿಗೆ ಬಿಚ್ಚಿದಾಗ ನೀನು ನಕ್ಕಿದ್ದೆ. "ಏನವ್ವ ಇಂಜಿನಿಯರಮ್ಮ, ಇವತ್ತು ಯಾವ ಪುಟ?"

ಓದಿ ಹೇಳಿದೆ. ಮೊದಲು ಮನೆಯ ಮೇಲ್ಗಡೆ ಕಾಲುವೆ ತೋಡಿ ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಕೊರಕಲನ್ನು ಮುಚ್ಚಬಾರದು. ಎಲ್ಲಾದರೂ ಮಣ್ಣು ತುಂಬಿದರೆ ಗೇಣು ಗೇಣಾಗಿ ಹರಡಿ, ನೀರು ಚಿಮುಕಿಸಿ, ಬಡಿಯಬೇಕು. "ಇದೆಲ್ಲ ನಮ್ಮಪ್ಪಂಗೂ ಗೊತ್ತಿತ್ತು ಕಣವ್ವ, ಓದಿರ್ಲಿಲ್ಲ ಅಷ್ಟೇ. ಅಂಗೇ ಮಾಡಾಣ ಬಿಡು" ಅಂದವನು ನೀನೇ ತಾನೆ?

ಪರೀಕ್ಷೆಗೆಂದು ಚಿತ್ರದುರ್ಗಕ್ಕೆ ಹೋಗಿ ವಾರದ ಮೇಲೆ ಬಂದೆ. ಕೊರಕಲು ಇರಲಿಲ್ಲ. ಆ ಮೂಲೆಗೆ ಕಲ್ಲಿನ ಗೋಡೆ ಎದ್ದಿತ್ತು, ಅಲ್ಲಿ ಅಂಗಳ ಈಶಾನ್ಯದ ಮೂಲೆಗಿಂತ ಎತ್ತರವಾಗಿತ್ತು. ನಾನು ಕೂಗಾಡಿದೆ. ನೀನು ಗೋಡೆಯಿಂದ ಹೊರಗೆ ಇಣುಕುತ್ತಿದ್ದ ಪೈಪಿನ ಬಾಯಿ ತೋರಿಸಿದೆ. "ಮೇಲಿನ ನೀರೆಲ್ಲ ಇದ್ರಾಗೆ ಹೋಗ್ತೈತೆ. ಪದರ ಪದರ ಬಡ್ದೀವಿ. ಬೇಕಾರೆ ಕೈ ನೋಡು." ನಿನ್ನ ಅಂಗೈ ನೋಡಿದೆ. ಬೊಬ್ಬೆಗಳಿದ್ದವು. ಮೇಸ್ತ್ರಿಯ ಕೈಯಲ್ಲಿ ಬೊಬ್ಬೆ ಇಲ್ಲದ ದಿನ ಯಾವುದು ಎಂದು ಆಗ ಹೊಳೆಯಲೇ ಇಲ್ಲ.

ಗಂಗಕ್ಕನಿಗೆ ಆ ಪೈಪು ತೋರಿಸಿದವಳು ನಾನು, ಮಾವ. ಗೋಡೆಯ ಬುಡಕ್ಕೆ ತಗಡು ಹಾಕಿ ಅಡಿಗೆಮನೆ ಮಾಡಿಕೊಳ್ಳುವ ಮೊದಲು ಅವಳು ಕೇಳಿದ್ದಳು: "ನಿಮ್ ಮಣ್ಣು ನಮ್ಮನೆಗೆ ಬರಲ್ಲ ತಾನೆ? ಪುಸ್ತಕ ಓದಿರಾಳು ನೀನು, ಹೇಳವ್ವ." ಬರಲ್ಲ ಅಂದೆ. ಎಷ್ಟು ಜಂಬದಿಂದ ಅಂದೆ...

ನೀನು ತೀರಿಹೋದ ಮೇಲೆ ಬಂದ ಮೊದಲ ಜೋರು ಮಳೆ ಒಂದು ಮಧ್ಯಾಹ್ನದ್ದು. ಗಂಗಕ್ಕ ಹೊಲಕ್ಕೆ ಬುತ್ತಿ ಒಯ್ದಿದ್ದಳು, ಅದಕ್ಕೇ ಉಳಿದಳು. ಗೋಡೆ ಹೊಟ್ಟೆಯುಬ್ಬಿ ಬಿತ್ತು. ಅವಳ ಒಲೆ ಕೆಸರಿನಡಿ ಹೋಯಿತು. ಕೆಸರು ಎತ್ತುವಾಗ ತೆಂಗಿನ ಸಿಪ್ಪೆ, ಒಡೆದ ಹೆಂಚು, ಸಿಮೆಂಟಿನ ಖಾಲಿ ಚೀಲಗಳು ಸಿಕ್ಕವು. ಆಮೇಲೆ ಆ ಪೈಪು ಸಿಕ್ಕಿತು. ಮೊಳದುದ್ದ, ಅಷ್ಟೇ. ಒಳಗಿನ ಬಾಯಿಗೆ ನೀನು ಕಲ್ಲು ಸಿಕ್ಕಿಸಿದ್ದೆ.

ಅಮ್ಮ ಬಾಯಿಬಿಟ್ಟಿದ್ದು ಅವತ್ತೇ. "ನಾನೇ ಅಣ್ಣನ ಕೈ ಹಿಡ್ಕಂಡೆ. ನೈರುತ್ಯ ತಗ್ಗಿದ್ರೆ ಮನೆ ಯಜಮಾನ ಉಳಿಯಲ್ಲ ಅಂತಾರೆ. ನಿಮ್ಮಪ್ಪ ಹೋದ. ಇನ್ನು ಯಜಮಾನ ಅಂದ್ರೆ ನೀನೇ ಅಲ್ವೇನೇ? ನೀನು ಬರಾದ್ರೊಳಗೆ ಮುಗಿಸು ಅಂತ ಅವ್ನಿಗೆ ಅಂದೆ." ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ನಿನ್ನ ಮೇಲೆ ಮಾತ್ರ ಇದೆ. ನನ್ನ ಜೊತೆ ಜಗಳ ಆಡಬಹುದಿತ್ತಲ್ಲ? "ನಿಮ್ಮವ್ವ ಹೆದರ್ಯಾಳೆ, ಏನ್ ಮಾಡಾಣ" ಎಂದು ಒಂದು ಮಾತು ಕೇಳಿದ್ದರೆ... ತಂಗಿಯ ಭಯ ನಿನಗೆ ಕಂಡಿತು, ಕೆಳಗಿನ ಒಲೆ ಕಾಣಲಿಲ್ಲವೇ? ಗೊತ್ತಿಲ್ಲದೆ ಮಾಡಿದ್ದರೆ ಕ್ಷಮಿಸುತ್ತಿದ್ದೆ. ನಿನಗೆ ಎಲ್ಲ ಗೊತ್ತಿತ್ತು.

ಈಗ ತುಂಬಿದ ಮಣ್ಣನ್ನೆಲ್ಲ ತೆಗೆಸಿದ್ದೇನೆ. ಮೇಲ್ಗಡೆ ಕಾಲುವೆ ತೋಡಿದ್ದೇನೆ, ಅದರ ದಡಕ್ಕೆ ಲಾವಂಚ ನೆಟ್ಟಿದ್ದೇನೆ. ಕೊರಕಲು ಮತ್ತೆ ತೆರೆದಿದೆ, ಮೂಲೆ ಮತ್ತೆ ಒಂದಾಳು ತಗ್ಗಾಗಿದೆ. ನಾನು ಮನೆಯಿಂದ ಹೊರಟಾಗಲೆಲ್ಲ ಅಮ್ಮ ಆ ಮೂಲೆಯತ್ತ ಒಮ್ಮೆ ನೋಡುತ್ತಾಳೆ. ಗಂಗಕ್ಕನ ಅಡಿಗೆಮನೆಯನ್ನು ಬೇರೆ ಕಡೆ ಕಟ್ಟಿಕೊಡಲು ಹೋದರೆ, "ಈ ಸಲ ಹೇಳಬ್ಯಾಡ ಕಣವ್ವ, ಅಗ್ದು ತೋರ್ಸು" ಅಂದಳು. ತೋರಿಸಿದೆ.

ನೀನು ಇಳಿಜಾರಿನಲ್ಲಿ ಕಟ್ಟಿದ ಮನೆಗಳು ಇನ್ನೂ ಮೂರಿವೆ. ಹೊರಕೆರೆದೇವಪುರದ ಹತ್ತಿರ ಎರಡು, ಮದಕರಿಪುರದಲ್ಲಿ ಒಂದು. ಎಲ್ಲದರ ಗೋಡೆಯಲ್ಲೂ ಪೈಪಿನ ಬಾಯಿ ಇದೆ, ಕೆಳಗೆ ಯಾರದೋ ಮನೆ ಇದೆ. ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ. ನಿನ್ನ ತಂಗಿಯ ಮಗಳು ಎಂದು ಹೇಳಿಕೊಂಡು, ಒಂದೊಂದು ಪೈಪಿನೊಳಗೂ ಉದ್ದನೆಯ ಗಳ ತೂರಿಸಿ ನೋಡುತ್ತೇನೆ.

ಒಂದರಲ್ಲಾದರೂ ಗಳ ಆಚೆತನಕ ಹೋಗಲಿ, ಮಾವ.