ಆ ದಡದಿಂದ ಎದ್ದು ಬಾ

ಲೊರೆಶೋ, ನೈರೋಬಿ

ಚಿ. ಸೌ. ಭಾವನಾಳಿಗೆ,

ನೀನು ಫೋನು ಎತ್ತುತ್ತಿಲ್ಲ. ಅದಕ್ಕೇ ನಿನ್ನ ತಮ್ಮ ಮಿಥುನನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಅವನೆದುರಿಗೇ ಓದು.

ಉದಯ ಈಜಲು ಇಳಿದು ಹಿಂತಿರುಗದ ಗ್ರೀಸಿನ ಆ ದಡದಲ್ಲೇ ಬೆಳಗಿನಿಂದ ಸಂಜೆಯವರೆಗೆ ಕುಳಿತಿರುತ್ತೀಯಂತೆ. ಅಲ್ಲಿ ಅಂಗಡಿಯಿಲ್ಲ, ನೆರಳಿಲ್ಲ, ಕುಡಿಯುವ ನೀರೂ ಇಲ್ಲ. ಜನರಿಲ್ಲದ ಜಾಗವೆಂದೇ ನೀವಿಬ್ಬರೂ ಅದನ್ನು ಆರಿಸಿಕೊಂಡಿರಿ. ಆ ಬಗ್ಗೆ ನಾನು ಏನೂ ಹೇಳುವುದಿಲ್ಲ. ಮಿಥುನನ ಚೀಲದಲ್ಲಿ ಕೊಡೆಯೂ ಅವಲಕ್ಕಿಯೂ ಇವೆ.

ನೀನು ಮನೆಗೆ ಬರಲು ಏಕೆ ಹೆದರುತ್ತೀಯೆಂದು ನನಗೆ ಗೊತ್ತು. ಮೊನ್ನೆ ಭಟ್ಟರು ಬಂದಿದ್ದರು. "ಅಮ್ಮ, ದೇಹ ಸಿಗೋ ಹಾಗೆ ಕಾಣಲ್ಲ. ದರ್ಭೆಯಲ್ಲಿ ಗೊಂಬೆ ಮಾಡಿ ದಹನ ಮುಗಿಸಿಬಿಡೋಣ. ಸೊಸೆ ಬಂದ್ಮೇಲೆ ಉಳಿದದ್ದು" ಎಂದರು.

"ನೀವು ಮೊದ್ಲು ಚಪ್ಪಲಿ ಹಾಕ್ಕೊಳ್ಳಿ, ಭಟ್ರೆ" ಎಂದೆ. ಕಾಫಿಯನ್ನೂ ಕೊಡಲಿಲ್ಲ. ಇನ್ನು ಅವರನ್ನು ಒಳಗೆ ಬಿಡಬಾರದೆಂದು ಗೇಟು ಕಾಯುವ ಅಸ್ಕಾರಿಗೆ ಹೇಳಿದ್ದೇನೆ. ಗೊಂಬೆ ಮಾಡಿಸುವುದಿಲ್ಲ. ನಿನ್ನ ಕುಂಕುಮವನ್ನಾಗಲಿ ಬಳೆಯನ್ನಾಗಲಿ ಈ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಇದು ನನ್ನ ಮಾತು.

ನನಗೆ ವೀಸಾ ಸಿಗಲಿಲ್ಲ. ಸಿಕ್ಕಿದ್ದರೆ ನಾನೇ ಬಂದು ಕೈಹಿಡಿದು ಎಬ್ಬಿಸುತ್ತಿದ್ದೆ. ಮಿಥುನನ ಜೊತೆ ಹೊರಟು ಬಾ. ನಾನು ಯಾರನ್ನೂ ಬೇಡಿದವಳಲ್ಲ, ಈಗ ನಿನ್ನನ್ನು ಬೇಡುತ್ತಿದ್ದೇನೆ.

ನನ್ನ ಮಗ ಬಂದರೆ ಆ ಬರಿಯ ದಡಕ್ಕೆ ಬರುವುದಿಲ್ಲ, ಈ ಮನೆಗೇ ಬರುತ್ತಾನೆ. ಬಾಗಿಲಲ್ಲಿ ನಿಂತು "ಭಾವನಾ ಎಲ್ಲಮ್ಮ?" ಎಂದು ಕೇಳಿದರೆ ನಾನು ಅವನಿಗೆ ಏನೆಂದು ಹೇಳಲಿ?

ನಿನ್ನ ಅತ್ತೆ,
ವನಜಾಕ್ಷಿ