ಮಾತ್ರೆಯನ್ನು ಪಾಲು ಹಾಕಬೇಡಿ

ಬೆಂಗ್ರೆ, ಜ್ವರಮಾಸದ ಒಂಬತ್ತು, ೨೧೯೪

ಹಿಂದಿನವರೇ,

ಈ ತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ಹುಡುಕಬೇಡಿ. ಜುಲೈಗೂ ಆಗಸ್ಟಿಗೂ ನಡುವೆ ನಾವು ಸೇರಿಸಿಕೊಂಡದ್ದು. ಆಗ ಶಾಲೆ, ಮದುವೆ, ಕೋರ್ಟು ಯಾವುದೂ ಇಲ್ಲ; ಊರಿಗೆ ಊರೇ ಮಲಗಿರುತ್ತದೆ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮಾತು ಒರಟೆನಿಸಿದರೆ, ಪದ ವಿಚಿತ್ರವೆನಿಸಿದರೆ ಕ್ಷಮಿಸಿ. ಕ್ಷಮಿಸದಿದ್ದರೂ ಓದಿ.

ಹೆಸರು ಸುಗಂಧಿ ಕರ್ಕೇರ. ಇಲ್ಲಿನ ಮಲೇರಿಯಾ ಸಂಶೋಧನಾಲಯದಲ್ಲಿ ನಾನು ತೋಳಮ್ಮ. ಅಂದರೆ, ದಿನಾ ಸಂಜೆ ಬಲೆಪೆಟ್ಟಿಗೆಯೊಳಗೆ ಎಡಗೈ ಇಟ್ಟು, ರೋಗವಿಲ್ಲದ ಸೊಳ್ಳೆಗಳಿಗೆ ಊಟ ಹಾಕುವವಳು. ರಕ್ತ ಹೀರದೆ ಅವು ಮೊಟ್ಟೆ ಇಡುವುದಿಲ್ಲ. ಸೊಳ್ಳೆಯಿಲ್ಲದೆ ಡಾಕ್ಟರ್ ಐವಿ ಪಿಂಟೊಗೆ ಕೆಲಸವಿಲ್ಲ. ಯಾವ ರೋಗಾಣು ಯಾವ ಮದ್ದಿಗೆ ಬಗ್ಗುತ್ತಿಲ್ಲ ಎಂದು ನೋಡುವವಳು ಅವಳು. "ಅಜ್ಜೀ, ಕೈ ಅಲ್ಲಾಡಿಸಬೇಡಿ ಮಾರಾಯ್ರೆ, ಅವು ಹೆದರ್ತವೆ" ಅನ್ನುತ್ತಾಳೆ. "ಈ ಊರಲ್ಲಿ ನನಗೆ ಹೆದರದೆ ಇರುವುದು ಅವು ಮಾತ್ರ ಮಾರಾಯ್ತಿ" ಅನ್ನುತ್ತೇನೆ.

ನಿಮ್ಮ ಕಾಲದ ಮದ್ದುಗಳೆಲ್ಲ ಒಂದೊಂದಾಗಿ ಸೋತವು. ಕಾರಣ ಹಲವು, ನಮ್ಮ ಕೈಯಾರೆ ಆದದ್ದು ಒಂದು. ಅರ್ಧ ಮದ್ದು ತೆಗೆದುಕೊಂಡರೆ ಬಡಕಲು ರೋಗಾಣು ಸಾಯುತ್ತದೆ, ಗಟ್ಟಿಯದ್ದು ಉಳಿದು ಸಂಸಾರ ಬೆಳೆಸುತ್ತದೆ, ಸೊಳ್ಳೆ ಅದನ್ನು ಪಕ್ಕದ ಮನೆಗೆ ಒಯ್ಯುತ್ತದೆ. ಈ ಕಡಲಕರೆಯಲ್ಲಿ ದೋಣಿಯವರು ಹಿಡಿದ ಮೀನನ್ನು ಪಾಲು ಹಾಕುತ್ತಾರೆ. ಜ್ವರ ಬಂದು ಮನೆಯಲ್ಲಿ ಬಿದ್ದವನಿಗೂ ಪಾಲುಂಟು. ಮಾತ್ರೆಯನ್ನೂ ಹಾಗೆಯೇ ಮಾಡಿದರು. ಜ್ವರ ಇಳಿದ ಕೂಡಲೇ ಉಳಿದದ್ದು ದೋಣಿಯವರಿಗೆ. ಒಬ್ಬನೇ ಪೂರ್ತಿ ನುಂಗಿದರೆ ಅವನು ಸ್ವಾರ್ಥಿ.

ಹೋದ ವರ್ಷ ಕಡೆಮದ್ದು ಬಂತು. ಅದರ ಹಿಂದೆ ಇನ್ನೊಂದಿಲ್ಲ, ಅದಕ್ಕೇ ಆ ಹೆಸರು. ಇದನ್ನಾದರೂ ಹಂಚಬೇಡಿ, ಪೂರ್ತಿ ನುಂಗಿ ಎಂದು ಐವಿ ದೋಣಿಯಿಂದ ದೋಣಿಗೆ ಹೋಗಿ ಕೈ ಮುಗಿದಳು. ನನ್ನ ಅಳಿಯ ವಾಮನ ನಕ್ಕ: "ಜೊತೆಯವನಿಗೆ ಕೊಡದೆ ನಾನೊಬ್ಬನೇ ನುಂಗುವುದಾ ಡಾಕ್ಟ್ರೇ? ಗಂಟಲಲ್ಲಿ ಇಳಿಯುವುದುಂಟಾ?" ಹಂಚಿದ. ಪುಣ್ಯದ ಕೆಲಸವೆಂದೇ ಹಂಚಿದ, ಮುಠ್ಠಾಳ.

ಈಗ ಅವನ ಮಗಳು, ನನ್ನ ಮೊಮ್ಮಗಳು ತನಿಷಾ ಜ್ವರದಲ್ಲಿ ಮಲಗಿದ್ದಾಳೆ. ಕಡೆಮದ್ದನ್ನು ಒಂದೂ ಬಿಡದೆ ನಾನೇ ನುಂಗಿಸಿದೆ. ಇವತ್ತು ಬೆಳಿಗ್ಗೆ ಐವಿ ಅವಳ ರಕ್ತವನ್ನು ಮೈಕ್ರೋಸ್ಕೋಪಿನಲ್ಲಿ ಮೂರು ಸಲ ನೋಡಿದಳು. ರೋಗಾಣು ಒಂಚೂರೂ ಕಡಿಮೆಯಾಗಿಲ್ಲವಂತೆ. ಹೊರಗೆ ಜಗಲಿಯಲ್ಲಿ ವಾಮನ ಕುಳಿತಿದ್ದಾನೆ. ಕೇರಿಯವರು ಒಬ್ಬೊಬ್ಬರಾಗಿ ಬಂದು, ಹುಡುಗಿಗೆ ಕೊಡಿ ಎಂದು ಮನೆಯಲ್ಲಿ ಉಳಿಸಿಟ್ಟಿದ್ದ ಕಡೆಮದ್ದಿನ ಮಾತ್ರೆಗಳನ್ನು ಅವನ ಕೈಗೆ ಹಾಕಿ ಹೋಗುತ್ತಿದ್ದಾರೆ. ಅವನ ಬೊಗಸೆ ತುಂಬಿದೆ. ಪ್ರತಿಯೊಂದೂ ಯಾರೋ ನುಂಗದೆ ಬಿಟ್ಟದ್ದು. ಬೈಯಲು ಬಾಯಿ ತೆರೆದೆ. ಅಳುತ್ತಾ ಕೊಡುವವರನ್ನು ಏನೆಂದು ಬೈಯಲಿ?

ಮೀನು ಹಂಚಿ, ಅನ್ನ ಹಂಚಿ. ಮದ್ದನ್ನು ಪೂರ್ತಿ ನುಂಗಿ ಸ್ವಾರ್ಥಿ ಅನ್ನಿಸಿಕೊಳ್ಳಿ. ನೀವು ಕೇಳುವುದಿಲ್ಲ, ಗೊತ್ತು, ಕಣ್ಣೆದುರಿಗಿದ್ದವರೇ ಕೇಳಲಿಲ್ಲ.

ಸಂಜೆಯಾಯಿತು. ಪೆಟ್ಟಿಗೆಯ ಸೊಳ್ಳೆಗಳು ಹಸಿದಿರುತ್ತವೆ. ಇವತ್ತು ಹೋಗುವುದಿಲ್ಲ. ನನ್ನ ಎಡಗೈಯನ್ನು ಹುಡುಗಿ ಹಿಡಿದುಕೊಂಡಿದ್ದಾಳೆ.